ಆಕ್ಸಿಜನ್ ಚೇಂಬರಿನಲ್ಲಿ ಮಲಗಿದ ಸೊಸೆ

ಅತ್ತೆ ಸೊಸೆ ಇಬ್ಬರೂ ಆಸ್ಪತ್ರೆಯ ಪಡಸಾಲೆಯಲ್ಲಿ ಬಿಸಿಲು ತಾಗದ ಮೂಲೆ ಹುಡುಕಿ ಕೂತಿದ್ದರು. ಸೊಸೆ ಸೆರಗನ್ನು ಮೂಗಿನ ತನಕ ಎಳೆದುಕೊಂಡಿದ್ದಳು. ಹಳ್ಳಿಯ ಹೆಣ್ಣುಮಗಳು, ನಾಚಿಕೆ ಇರಬೇಕು ಅಂದುಕೊಂಡೆ. ಹತ್ತಿರ ಹೋದಾಗ ಎರಡೂ ಕಿವಿಗೆ ಹತ್ತಿ ತುರುಕಿದ್ದು ಕಂಡಿತು. ಅಷ್ಟರಲ್ಲಿ ಹೊರಗಿನ ಹೈವೇ ಮೇಲೆ ಲಾರಿಯೊಂದು ಹಾರ್ನ್ ಹೊಡೆಯಿತು. ಯಾರೋ ಕೈ ಎತ್ತಿದಾಗ ಮಕ್ಕಳು ಮಾಡುವಂತೆ ಆಕೆ ತಲೆಯನ್ನು ಹೆಗಲ ನಡುವೆ ಹುದುಗಿಸಿಕೊಂಡಳು.

"ಆ ಗಾಜಿನ ಪೆಟಗಿ ನೋಡ್ಕೊಳ್ಳಾವ ನೀನ ಏನಪಾ?" ಅಂತ ಅತ್ತೆ ಕೇಳಿದಳು.

ಹೌದೆಂದೆ.

"ಮತ್ತ ಇಕೀನ್ನ ಒಳಗ ಹಾಕು. ನಮ್ಮ ಪೈಕಿ ಒಬ್ಬನ ಕಾಲು ಅದರಾಗs ಉಳದೈತಿ. ಕಾಲು ಉಳದಿದ್ರ ತಲಿ ಯಾಕ ಉಳ್ಯಂಗಿಲ್ಲ?"

ತೊಂಬತ್ತರ ದಶಕದ ನಡುವಿನ ಮಾತು ಇದು. ನಿಪ್ಪಾಣಿಯ ಆ ಖಾಸಗಿ ಆಸ್ಪತ್ರೆಗೆ ನಮ್ಮ ಡಾಕ್ಟರು ಮುಂಬೈಯಿಂದ ಹಳೆಯದೊಂದು ಆಕ್ಸಿಜನ್ ಚೇಂಬರ್ ತರಿಸಿದ್ದರು. ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದದ, ಗಾಜಿನಂತೆ ಆರಪಾರ ಕಾಣುವ ದಪ್ಪ ಕೊಳವೆ ಅದು. ರೋಗಿಯನ್ನು ಒಳಗೆ ಮಲಗಿಸಿ, ಬಾಗಿಲು ಬಿಗಿದು, ಶುದ್ಧ ಆಮ್ಲಜನಕವನ್ನು ಒತ್ತಡದಲ್ಲಿ ತುಂಬುತ್ತಿದ್ದೆವು. ಆಗ ಉಸಿರಿನೊಂದಿಗೆ ರಕ್ತಕ್ಕೆ ಮಾಮೂಲಿಗಿಂತ ಎಷ್ಟೋ ಹೆಚ್ಚು ಆಮ್ಲಜನಕ ಸೇರುತ್ತದೆ. ಸಕ್ಕರೆ ಕಾಯಿಲೆಯವರ ಮಾಯದ ಹುಣ್ಣು, ಕೊಳೆಯುತ್ತ ಮೇಲೇರುವ ಗಾಯ ಇಂಥವಕ್ಕೆ ಅದರಿಂದ ಉಪಯೋಗವಿತ್ತು. ನೌಕಾಪಡೆಯಲ್ಲಿದ್ದಾಗ ಮುಳುಗುಗಾರರಿಗಾಗಿ ನಾನು ಇಂಥದೇ ಚೇಂಬರ್ ನಡೆಸಿದ್ದೆ. ಅದಕ್ಕೇ ಡಾಕ್ಟರು ನನ್ನನ್ನು ಕರೆದಿದ್ದರು. ಅಕ್ಕೋಳದ ಮನೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದೆ. ತಲೆಗೆ ಪೆಟ್ಟು ಬಿದ್ದವರನ್ನು ಮಾತ್ರ ಅದರೊಳಗೆ ಎಂದೂ ಮಲಗಿಸಿರಲಿಲ್ಲ.

ಆ ಮುದುಕಿಯನ್ನು ನಾನು ಮೊದಲ ದಿನದಿಂದಲೇ ಆಯಿ ಎಂದು ಕರೆದೆ. ಚಿಂಚಲಿಯಾಚೆ ಒಂದು ತೋಟದ ಮನೆ ಅವರದು. ಒಂದಿಷ್ಟು ಹೊಲ, ಎಮ್ಮೆ, ಕುರಿ. ಡಾಕ್ಟರ ಮುಂದೆ ಆಯಿಯೇ ಎಲ್ಲ ಹೇಳಿದಳು.

"ಹಾಲ್ ಹಿಂಡಿ ಏಳಾಕತ್ತಿದ್ಲರಿ. ನೊಣಾ ಕಡೀತೋ ಏನೋ, ಎಮ್ಮಿ ತಲಿ ಬೀಸ್ತು. ಕೋಡು ಇಲ್ಲೆ ಬಡೀತು." ತನ್ನ ಕಿವಿಯ ಮುಂದೆ ಬೆರಳಿಟ್ಟು ತೋರಿಸಿದಳು. "ಬಿದ್ದದ್ದು ದನಾ ನೀರ ಕುಡ್ಯೂ ಕಲ್ಲಿನ ದ್ವಾಣಿ ಮ್ಯಾಲೆ. ಜರಾ ಹೊತ್ತು ಎಚ್ಚರ ಇರ್ಲಿಲ್ಲ. ರಕ್ತ ಬರ್ಲಿಲ್ಲ ನೋಡ್ರಿ. ಬಂದಿದ್ರ ಛಲೋ ಇತ್ತು. ಮಂದಿ ನಂಬತಿದ್ರು."

ಬೇಸಿಗೆಯಲ್ಲಿ ಬಿದ್ದ ಪೆಟ್ಟು. ಅವರು ನಮ್ಮಲ್ಲಿಗೆ ಬಂದಾಗ ದೀಪಾವಳಿ ಕಳೆದಿತ್ತು. ಮಿರಜಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿದ್ದರು. ಅದರಲ್ಲಿ ಏನೂ ಕಂಡಿರಲಿಲ್ಲ. ಏನೂ ಕಾಣದ್ದೇ ಆಕೆಗೆ ಮುಳುವಾಯಿತು. ಫೋಟೋದಲ್ಲಿ ಇಲ್ಲದ ನೋವು ತಲೆಯಲ್ಲಿ ಎಲ್ಲಿಂದ ಬಂತು ಎಂದು ಮನೆಯವರು ಕೇಳತೊಡಗಿದರು. ನೆಗೆಣ್ಣಿಯರು ಕೆಲಸ ತಪ್ಪಿಸಿಕೊಳ್ಳಲು ಸೋಂಗ ಮಾಡುತ್ತಾಳೆ ಅಂದರು. ಗಂಡ ಒಳ್ಳೆಯವನೇ. ಆದರೆ ಅವನೂ ಹೆಂಡತಿಯ ಮುಖ ನೋಡಿ ಸುಮ್ಮನಾಗತೊಡಗಿದ್ದ.

ಡಾಕ್ಟರು ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಕಿಟಕಿಯ ಪರದೆ ಎಳೆದರು. ಆಗ ಸೊಸೆ ಸೆರಗು ಸರಿಸಿದಳು. ಇಪ್ಪತ್ತೈದರ ಆಸುಪಾಸಿನ ಹುಡುಗಿ. ಕಣ್ಣ ಕೆಳಗೆ ಕಪ್ಪು ಇಳಿದಿತ್ತು.

"ತಲಿ ಹೆಂಗ ನೋಯ್ತೈತಿ, ನೀನ ಹೇಳವ್ವಾ."

"ತಲ್ಯಾಗ ಗಿರಣಿ ತಿರಗಿದಂಗ ಆಗ್ತೈತ್ರಿ. ಬಗ್ಗಿದ್ರ ನೆಲಾ ತಿರಗ್ತೈತಿ. ಮಾತು..." ಆಕೆ ನಿಂತಳು. ಶಬ್ದ ಹುಡುಕುತ್ತಿದ್ದಳು. "ಮಾತು ಸಿಗೂದಿಲ್ರಿ. ಚರಗಿ ಕೊಡು ಅನ್ನಾಕ ಹೋಗಿ ಸುಮ್ಮ ನಿಲ್ತೀನಿ."

"ಮಕ್ಕಳ ಅದಾವೇನು?"

ಸೊಸೆ ಅತ್ತೆಯ ಮುಖ ನೋಡಿದಳು.

"ಹೆಣ್ಣ ಕೂಸು ಐತ್ರಿ," ಎಂದಳು ಸೊಸೆ. "ಅಥಣಿ ಕಡೆ ನನ್ನ ತವರಮನ್ಯಾಗ ಬಿಟ್ಟೇವಿ. ಅದು ಅತ್ರ ನನ್ನ ತಲಿ ಒಡದಂಗ ಆಗತಿತ್ತು. ಒಂದಿನಾ ಸುಮ್ಮ ಆಗ್ಲಿ ಅಂತ ಬಾಯಿ ಮ್ಯಾಲೆ ಕೈ ಇಟ್ನಿರಿ. ಒತ್ತಿದೆ. ಅದರ ಮಾರಿ ಕೆಂಪ ಆತು, ನನಗ ಗೊತ್ತಾಗಾಕತ್ತಿತ್ತು, ಆದ್ರೂ ಕೈ ತಗೀಲಿಲ್ಲ. ಅತ್ತಿ ಬರ್ಲಿಲ್ಲಂದ್ರ..."

"ನಾ ಬಂದ್ನೆಲ್ಲ," ಅಂದಳು ಆಯಿ ಗಡುಸಾಗಿ. "ಮುಗೀತದು." ಆಮೇಲೆ ಡಾಕ್ಟರ ಕಡೆ ತಿರುಗಿ, "ಮಗಗೂ ಹೇಳಿಲ್ಲ ಸಾಹೇಬ್ರ. ಹೇಳಿದ್ರ ಇಕೀನ್ನ ಮನ್ಯಾಗ ಇಟ್ಕೊಳ್ಳೂದಿಲ್ಲ. ಇಟ್ಕೊಂಡ್ರೂ ಮನಶಾ ಅಂತ ನೋಡೂದಿಲ್ಲ," ಅಂದಳು.

"ಇದು ಕಡಿಮಿ ಆಗ್ಲಿಲ್ಲಂದ್ರ ನನಗ ಇರೂದs ಬ್ಯಾಡ್ರಿ," ಅಂದಳು ಸೊಸೆ. ಅಳಲಿಲ್ಲ. ಬಸ್ಸಿನ ಹೊತ್ತು ಹೇಳುವ ಹಾಗೆ ಹೇಳಿದಳು. ಅದು ನನಗೆ ಅಳುವಿಗಿಂತ ಹೆಚ್ಚು ಹೆದರಿಕೆ ತಂದಿತು.

ಆಕೆಯನ್ನು ಒಂದು ಗಳಿಗೆಯೂ ಒಬ್ಬಳೇ ಬಿಡಕೂಡದೆಂದು ಡಾಕ್ಟರು ವಾರ್ಡಿಗೆ ಹೇಳಿ ಕಳಿಸಿದರು. ಆಮೇಲೆ ಆಯಿಯನ್ನು ಎದುರು ಕೂಡಿಸಿಕೊಂಡು ಮುಚ್ಚುಮರೆಯಿಲ್ಲದೆ ಮಾತಾಡಿದರು. ಮೆದುಳು ಕುಲುಕಿದಾಗ ಆಗುವ ಪೆಟ್ಟು ಸ್ಕ್ಯಾನಿನಲ್ಲಿ ಕಾಣದೆ ಇರಬಹುದು. ಬಹಳ ಮಂದಿಗೆ ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ, ಕೆಲವರಿಗೆ ಇಳಿಯುವುದಿಲ್ಲ. ಇದಕ್ಕೆ ಚೇಂಬರ್ ಹಾಕಬೇಕೆಂದು ಯಾವ ಪುಸ್ತಕದಲ್ಲೂ ಬರೆದಿಲ್ಲ, ಹೊರದೇಶದಲ್ಲಿ ಕೆಲವರು ಹಾಕಿ ನೋಡಿದ್ದಾರೆಂದು ತಾವು ಕೇಳಿದ್ದು ಅಷ್ಟೇ.

"ಆಗೂದಿಲ್ಲ ಅಂತ ಬರದಾರೇನ್ರಿ?" ಆಯಿ ಕೇಳಿದಳು.

"ಹಂಗೂ ಬರದಿಲ್ಲ."

"ಮತ್ತ ಹಾಕ್ರಿ."

ಎದೆಯ ಎಕ್ಸ್‌ರೇ ತೆಗೆಸಿ, ಕಿವಿ ಪರೀಕ್ಷಿಸಿ, ಮರುದಿನ ತಯಾರಿ ಶುರುಮಾಡಿದೆವು. ಚೇಂಬರಿನೊಳಗೆ ಒಂದು ಕಿಡಿ ಹಾರಿದರೂ ರೋಗಿ ಸುಟ್ಟುಹೋಗುತ್ತಾರೆ. ಹಾಗಾಗಿ ನಿಯಮಗಳು ಬಿಗಿ. ತಲೆಗೆ ಎಣ್ಣೆ ಇರಕೂಡದು, ಕಣ್ಣಿಗೆ ಕಾಡಿಗೆ ಇರಕೂಡದು, ಮೈಮೇಲೆ ಹತ್ತಿಯ ಬಟ್ಟೆ ಬಿಟ್ಟು ಬೇರೇನೂ ಇರಕೂಡದು. ಲೋಹದ್ದೇನಿದ್ದರೂ ಹೊರಗೆ. ವಾರ್ಡಿನ ಸಿಸ್ಟರ್ ತಾಳಿ ತೆಗೆಯಬೇಕೆಂದಾಗ ಸೊಸೆ ಎರಡೂ ಕೈಯಿಂದ ಕೊರಳು ಹಿಡಿದುಕೊಂಡಳು.

"ತಗದ ಕೂಡಲೆ ನನ್ನ ಮಗಾ ಏನ್ ಸಾಯಂಗಿಲ್ಲ. ಕೊಡ ಇಲ್ಲೆ," ಅಂದಳು ಆಯಿ. ಇಸಿದುಕೊಂಡು ತನ್ನ ಕೊರಳಿಗೇ ಹಾಕಿಕೊಂಡಳು. ಗಂಡ ತೀರಿ ಎಷ್ಟೋ ವರ್ಷವಾಗಿದ್ದ ಹೆಂಗಸು. ಸಿಸ್ಟರ್ ಬಾಯಿ ತೆರೆದುಕೊಂಡು ನೋಡಿದಳು. "ಏನ್ ನೋಡ್ತಿ? ಕಿಸೆದಾಗ ಇಟ್ರ ಕಳೀತೈತಿ. ಇದೆಲ್ಲಾ ಮುಗಿಯೂ ತನಕ ಇಲ್ಲೇ ಇರ್ಲಿ," ಎಂದಳು ಆಯಿ. ಹಸಿರು ಗಾಜಿನ ಬಳೆಗಳನ್ನು ಮಾತ್ರ ನಾನು ತೆಗೆಸಲಿಲ್ಲ. ಹತ್ತಿಯ ಬ್ಯಾಂಡೇಜನ್ನು ಒದ್ದೆ ಮಾಡಿ ಮೊಣಕೈ ತನಕ ಸುತ್ತಿದೆ.

ಮೊದಲ ಸಲ ನಾವು ಕಾಲುಭಾಗ ಒತ್ತಡವನ್ನೂ ಮುಟ್ಟಲಿಲ್ಲ. ಒತ್ತಡ ಏರುವಾಗ ಕಿವಿಯ ಪರದೆ ಒಳಕ್ಕೆ ತಳ್ಳಿದಂತಾಗುತ್ತದೆ. ಉಗುಳು ನುಂಗಬೇಕು, ಇಲ್ಲವೆ ಮೂಗು ಮುಚ್ಚಿ ಮೆಲ್ಲಗೆ ಊದಬೇಕು. ಹೊರಗೆ ಹತ್ತು ಸಲ ಹೇಳಿಕೊಟ್ಟಿದ್ದೆ. ಒಳಗೆ ಹೋದ ಮೇಲೆ ಆಕೆಗೆ ಒಂದೂ ನೆನಪಾಗಲಿಲ್ಲ. ಕೈ ಎತ್ತಿದಳು. ನಾನು ಏರಿಕೆ ನಿಲ್ಲಿಸಿ ಸ್ವಲ್ಪ ಇಳಿಸಿದೆ, ಮತ್ತೆ ಏರಿಸಿದೆ, ಮತ್ತೆ ಕೈ ಎತ್ತಿದಳು. ಹೊರಗೆ ತಂದಾಗ ಕಿವಿ ಹಿಡಿದುಕೊಂಡು ಮುದುಡಿ ಕೂತಳು. ತಲೆನೋವಿಗೆ ಕಿವಿನೋವೂ ಕೂಡಿತು.

ಮರುದಿನದಿಂದ ಆಯಿ ಚೇಂಬರಿನ ಪಕ್ಕ ಸ್ಟೂಲ್ ಹಾಕಿಕೊಂಡಳು. ಸೊಸೆಗೆ ಕಾಣುವ ಹಾಗೆ ಮುಖ ಒಡ್ಡಿ, ಬಾಯಿಯನ್ನು ದೊಡ್ಡದಾಗಿ ಆಡಿಸುತ್ತ ಏನೂ ಇಲ್ಲದ್ದನ್ನು ಅಗಿಯುವಳು, ನುಂಗುವಳು, ಮತ್ತೆ ಅಗಿಯುವಳು. ಸೊಸೆ ಅದನ್ನೇ ನೋಡಿ ನುಂಗುತ್ತಿದ್ದಳು. ಹೀಗೆ ಗೇಣು ಗೇಣಾಗಿ ಏರಿಸಿ, ಡಾಕ್ಟರು ಹೇಳಿದ ಒತ್ತಡ ಮುಟ್ಟಿದೆವು. ಮೂರಾಳು ನೀರಿನ ತಳದಲ್ಲಿ ಇದ್ದಷ್ಟು ಒತ್ತಡ ಅದು. ಅಲ್ಲಿ ಒಂದು ತಾಸು ಇರಿಸಿ ನಿಧಾನವಾಗಿ ಒತ್ತಡ ಇಳಿಸುವುದು. ದಿನಕ್ಕೊಂದು ಸಲ.

ಪ್ರತಿದಿನ ಬೆಳಿಗ್ಗೆ ಡಾಕ್ಟರು ಆಕೆಯನ್ನು ಕಾಲು ಜೋಡಿಸಿ ನಿಲ್ಲಿಸುತ್ತಿದ್ದರು, ನೆಲಕ್ಕೆ ಹಾಸಿದ ಫರಸಿಕಲ್ಲಿನ ಗೆರೆಯ ಮೇಲೆ ನಡೆಸುತ್ತಿದ್ದರು, ನಾಲ್ಕು ಶಬ್ದ ಹೇಳಿ ಸ್ವಲ್ಪ ಹೊತ್ತಿನ ಮೇಲೆ ಕೇಳುತ್ತಿದ್ದರು. ಶಬ್ದಗಳು ಜಾರಿ ಹೋಗುತ್ತಲೇ ಇದ್ದವು. ಆದರೆ "ತಲಿ ಹೆಂಗೈತಿ?" ಎಂದು ಕೇಳಿದರೆ, ಆಕೆ ಆಯಿಯ ಕಡೆ ಒಮ್ಮೆ ನೋಡಿ, "ಸ್ವಲ್ಪ ಕಡಿಮಿ ಐತ್ರಿ," ಅನ್ನತೊಡಗಿದಳು. ಆಯಿ ಅದನ್ನು ವಾರ್ಡಿನ ತುಂಬ ಹೇಳಿಕೊಂಡು ಬಂದಳು. ಒಂದು ದಿನ ಚೇಂಬರಿನೊಳಗೆ ಸೊಸೆ ನಿದ್ದೆಹೋದಳು. ತಿಂಗಳುಗಟ್ಟಲೆ ಸರಿಯಾಗಿ ಕಣ್ಣು ಮುಚ್ಚದವಳು ಬಾಯಿ ತೆರೆದುಕೊಂಡು ಮಲಗಿದ್ದನ್ನು ನೋಡಿ ಆಯಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ನನಗೂ ಆಗ ಆಸೆ ಹುಟ್ಟಿತು. ಪುಸ್ತಕದಲ್ಲಿ ಬರೆಯದ್ದು ನಮ್ಮ ಕೈಯಲ್ಲಿ ಆಗುತ್ತಿರಬಹುದು ಅನ್ನಿಸಿತು.

ಅದಾದ ಕೆಲವೇ ದಿನಕ್ಕೆ ಕರೆಂಟು ಹೋಯಿತು.

ಕರೆಂಟು ಹೋಗುವುದು ನಮಗೆ ಹೊಸದಲ್ಲ. ಚೇಂಬರಿನ ಒತ್ತಡ ಸಿಲಿಂಡರಿನ ಬಲದ ಮೇಲೆ ನಿಲ್ಲುವಂಥದ್ದು, ಅದಕ್ಕೆ ಕರೆಂಟು ಬೇಕಿಲ್ಲ. ಆದರೆ ಒಳಗಿದ್ದವರ ಜೊತೆ ಮಾತಾಡುವ ಇಂಟರ್‌ಕಾಮ್ ಬಂದಾಗುತ್ತದೆ. ಆ ದಿನ ಬೆಳಗಿನಿಂದ ಏನೂ ತಿಂದಿರದ ಆಯಿಯನ್ನು ನಾನೇ ಒತ್ತಾಯ ಮಾಡಿ ಚಹಾಕ್ಕೆ ಕಳಿಸಿದ್ದೆ. ಕೋಣೆಯ ಫ್ಯಾನು ನಿಂತಿತು. ಇಂಟರ್‌ಕಾಮಿನ ಗುಂಯ್‌ಗುಡುವ ಸದ್ದು ನಿಂತಿತು. ಸೊಸೆ ಕಣ್ಣು ತೆರೆದಳು. ಎದುರಿಗೆ ಅತ್ತೆಯ ಮುಖವಿಲ್ಲ. ಬದಲಿ ಬ್ಯಾಟರಿ ಜೋಡಿಸಲು ನಾನು ಗೋಡೆಯ ಕಡೆ ಓಡಿದ್ದು ಆಕೆಗೆ ಕಂಡಿತು. ಏನೋ ಕೆಟ್ಟದ್ದಾಯಿತು ಎಂದೇ ಆಕೆ ತಿಳಿದಿರಬೇಕು.

ಕೊಳವೆಯ ಮೇಲೆ ಮೊಣಕೈ ಬಡಿಯುವ ಸದ್ದು ಕೇಳಿ ತಿರುಗಿದೆ. ಬಾಯಿ ತೆರೆದು ಕೂಗುತ್ತಿದ್ದಳು. ದಪ್ಪ ಗೋಡೆಯಾಚೆ ಆ ಕೂಗು ಎಲ್ಲೋ ದೂರದ ಹೊಲದಲ್ಲಿ ಯಾರೋ ಕರೆದಂತೆ ಕೇಳುತ್ತಿತ್ತು. ಬ್ಯಾಟರಿ ಜೋಡಿಸಿದರೂ ಇಂಟರ್‌ಕಾಮ್ ಏಳಲಿಲ್ಲ.

ತಟ್ಟನೆ ಬಾಗಿಲು ತೆರೆಯಲು ಬರುವುದಿಲ್ಲ. ಒತ್ತಡ ಇಳಿಸದೆ ಅದು ತೆರೆಯುವುದೂ ಇಲ್ಲ. ಒತ್ತಡವನ್ನು ಒಮ್ಮೆಲೆ ಇಳಿಸಿದರೆ, ಹೆದರಿ ಉಸಿರು ಹಿಡಿದುಕೊಂಡ ಮನುಷ್ಯನ ಶ್ವಾಸಕೋಶ ಹರಿಯುತ್ತದೆ. ಆಕೆ ಉಸಿರು ಹಿಡಿದುಕೊಂಡಿದ್ದಳು. ಕೂಗುವುದು, ಮತ್ತೆ ಹಲ್ಲು ಕಚ್ಚಿ ಉಸಿರು ಬಿಗಿಹಿಡಿಯುವುದು. ನಾನು ವಾಲ್ವನ್ನು ಒಂದಿಷ್ಟೇ ತಿರುಗಿಸಿ, ಕೊಳವೆಗೆ ಮುಖ ಹಚ್ಚಿ, ಬಾಯಿ ಅಗಲಿಸಿ ಉಸಿರು ಹೊರಗೆ ಬಿಟ್ಟು ತೋರಿಸಿದೆ. ಆಕೆ ನನ್ನನ್ನು ನೋಡಲೇ ಇಲ್ಲ. ಒತ್ತಡ ಇಳಿದಂತೆ ಒಳಗಿನ ಗಾಳಿ ತಣ್ಣಗಾಗಿ ಮಂಜು ಕಟ್ಟುತ್ತದೆ. ಕೊಳವೆ ಬೆಳ್ಳಗಾಗತೊಡಗಿತು. ಇನ್ನು ಸ್ವಲ್ಪ ಹೊತ್ತಿಗೆ ನನಗೆ ಆಕೆ, ಆಕೆಗೆ ನಾನು ಕಾಣುವುದಿಲ್ಲ. ಇಳಿಕೆ ನಿಲ್ಲಿಸಿದೆ. ಹೊರಗೆ ತರಬೇಕು, ತರುವಂತಿಲ್ಲ. ಕೈ ವಾಲ್ವಿನ ಮೇಲೆ ಇತ್ತು, ಬೆವರಿಗೆ ಜಾರುತ್ತಿತ್ತು.

ಆಯಿ ಬಂದದ್ದು ಆಗ. ಕೂಗಾಡಲಿಲ್ಲ, ಏನಾಯಿತೆಂದು ಕೇಳಲಿಲ್ಲ. ನನ್ನನ್ನು ಮೊಣಕೈಯಿಂದ ಅತ್ತ ಸರಿಸಿ ಕೊಳವೆಗೆ ಎರಡೂ ಅಂಗೈ ಹಚ್ಚಿದಳು. ಸೊಸೆಯ ಕಣ್ಣು ಆ ಕೈಗಳ ಮೇಲೆ ಬಂತು.

"ಏನ್ ಮಾಡಿಸ್ಲಿ ಹೇಳು," ಅಂದಳು ನನಗೆ, ತಿರುಗದೆ.

"ಉಸರ ಬಿಡ್ಲಿ ಆಯಿ. ಉಸರ ಹಿಡೀಬಾರ್ದು. ಒಂದs ಸಮ ಹೊರಗ ಬಿಡಬೇಕು."

ಆಯಿ ತುಟಿ ಗುಂಡಗೆ ಮಾಡಿ ಒಲೆ ಊದುವ ಹಾಗೆ ಊದಿದಳು. ಮತ್ತೆ ಊದಿದಳು. ಅಡುಗೆಮನೆಯಲ್ಲಿ ಸಾವಿರ ಸಲ ಮಾಡಿದ ಕೆಲಸ ಅದು, ಇಬ್ಬರಿಗೂ. ಸೊಸೆ ನೋಡಿದಳು. ಆಕೆಯ ತುಟಿಯೂ ಗುಂಡಗಾಯಿತು. ನಾನು ವಾಲ್ವ್ ತಿರುಗಿಸಿದೆ. ಒಬ್ಬಳು ಹೊರಗೆ ಊದುತ್ತ, ಒಬ್ಬಳು ಒಳಗೆ ಊದುತ್ತ, ಮಂಜು ಕಟ್ಟಿದಾಗ ನಿಂತು, ಕರಗಿದಾಗ ಮತ್ತೆ ಇಳಿದು, ಆಕೆಯನ್ನು ಹೊರಗೆ ತಂದೆವು. ಬ್ಯಾಂಡೇಜಿನೊಳಗೆ ಬಳೆಗಳು ಒಡೆದು ರಕ್ತ ಒಸರಿತ್ತು. ಆಯಿ ಸೊಸೆಯ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನೆಲದ ಮೇಲೇ ಕೂತುಬಿಟ್ಟಳು. "ಇನ್ನ ಚಾ ಕುಡ್ಯಾಕ ಹೋಗಂಗಿಲ್ಲ, ಹೋಗಂಗಿಲ್ಲ," ಅನ್ನುತ್ತಿದ್ದಳು.

ಇಷ್ಟಾದರೂ ಮರುದಿನ ಆಯಿ ಸೊಸೆಗೆ ಹತ್ತಿಯ ಬಟ್ಟೆ ಉಡಿಸಿಕೊಂಡು ಬಂದು ಬಾಗಿಲಲ್ಲಿ ನಿಂತಳು. ಆದರೆ ಆ ದಿನ ಚೇಂಬರ್ ಬೇರೊಬ್ಬನಿಗೆ ಬೇಕಾಗಿತ್ತು.

ಕಾಗವಾಡದ ಕಡೆಯಿಂದ ಕಬ್ಬಿನ ಟ್ರಾಕ್ಟರ್ ನಡೆಸುವವನೊಬ್ಬನನ್ನು ಜೀಪಿನಲ್ಲಿ ಹಾಕಿಕೊಂಡು ಬಂದಿದ್ದರು. ಟ್ರೇಲರಿನಡಿ ಸಿಕ್ಕ ಕಾಲು ಎರಡು ದಿನದಲ್ಲಿ ಕೊಳೆತು, ಚರ್ಮದಡಿ ಗಾಳಿ ತುಂಬಿ, ಮುಟ್ಟಿದರೆ ಹಪ್ಪಳ ಮುರಿದಂತೆ ಸದ್ದು ಬರುತ್ತಿತ್ತು. ಡಾಕ್ಟರು ಕೊಳೆತ ಮಾಂಸ ಕತ್ತರಿಸಿ ತೆಗೆದಿದ್ದರು. ವಿಷ ತೊಡೆಗೆ ಏರುವ ಮೊದಲು ಅವನನ್ನು ಮೇಲಿಂದ ಮೇಲೆ ಚೇಂಬರಿಗೆ ಹಾಕಬೇಕಿತ್ತು. ಅದೇ ಹೊತ್ತಿಗೆ ಸಿಲಿಂಡರ್ ತರುವ ಲಾರಿ ಘಟ್ಟದ ಆಚೆ ಕೆಟ್ಟು ನಿಂತಿತ್ತು. ಇದ್ದ ಆಮ್ಲಜನಕ ಒಬ್ಬರಿಗೇ ಸಾಲುವಷ್ಟು.

"ಇದು ಇಕೀ ಪಾಳಿ," ಅಂದಳು ಆಯಿ. ದನಿಯಲ್ಲಿ ಜಗಳವಿತ್ತು. "ನಾವ್ ಮದಲ ಬಂದೇವಿ."

ಅಷ್ಟರಲ್ಲಿ ಸ್ಟ್ರೆಚರ್ ಹತ್ತಿರ ಬಂತು. ಆ ವಾಸನೆ ತಾಗಿ ಸೊಸೆ ಮುಖ ತಿರುಗಿಸಿದಳು. ಆಯಿ ತಿರುಗಿಸಲಿಲ್ಲ. ಹೊದಿಕೆ ಸರಿದಲ್ಲಿ ಕಾಲು ಕಂಡಿತು. ಸ್ಟ್ರೆಚರಿನ ಹಿಂದೆ ಆ ಡ್ರೈವರನ ಹೆಂಡತಿ, ಚಪ್ಪಲಿಯಿಲ್ಲದ ಕಾಲಲ್ಲಿ, ತಲೆ ಕೆದರಿಕೊಂಡು ನಿಂತಿದ್ದಳು. ಆಯಿ ಆಕೆಯನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಸೊಸೆಯ ರಟ್ಟೆ ಹಿಡಿದು ಹಿಂದಕ್ಕೆ ಸರಿಸಿದಳು.

"ಮದಲ ಅವನ್ನ ಹಾಕ್ರಿ," ಎಂದಳು.

ಚೇಂಬರ್ ಸಿಗದೆ ಹೋದರೂ ಆಕೆಯನ್ನು ವಾರ್ಡಿನ ಗದ್ದಲಕ್ಕೆ ಕಳಿಸುವ ಮನಸ್ಸಾಗಲಿಲ್ಲ. ಪಕ್ಕದಲ್ಲಿ ಬಟ್ಟೆಬರೆ ಇಡುವ ಸಣ್ಣ ಕೋಣೆಯಿತ್ತು. ಅದರಲ್ಲಿ ಮಂಚ ಹಾಕಿ, ಕಿಟಕಿಗೆ ಹಸಿರು ಪರದೆ ಕಟ್ಟಿ, ಚೇಂಬರಿಗೆ ಹೋಗುವ ಹೊತ್ತಿಗೇ ಅಲ್ಲಿ ಮಲಗಿಸಿದೆ. ಯಾರೂ ಕರೆಯಬಾರದು, ಬಾಗಿಲು ಬಡಿಯಬಾರದು ಎಂದು ಎಲ್ಲರಿಗೂ ಹೇಳಿದೆ. ಅಲ್ಲಿ ಆಕೆ ಚೇಂಬರಿನಲ್ಲಿ ಮಲಗಿದಂತೆಯೇ ನಿದ್ದೆ ಮಾಡಿದಳು. ಲಾರಿ ಬರುವ ತನಕ ದಿನಾಲೂ ಹಾಗೇ ಮಲಗಿಸಿದೆವು. ಬೆಳಿಗ್ಗೆ ಡಾಕ್ಟರು ನಡೆಸಿ ನೋಡುವಾಗ ಆಕೆಯ ಹೆಜ್ಜೆ ಮೊದಲಿದ್ದಂತೆಯೇ ಇತ್ತು. ಕೆಟ್ಟಿರಲಿಲ್ಲ. ಕಿವಿನೋವು ಇಲ್ಲದ್ದರಿಂದ ಮುಖ ಒಂದಿಷ್ಟು ಗೆಲುವಾಗಿತ್ತು.

ಸಿಲಿಂಡರ್ ಬಂದ ದಿನ ಇದನ್ನೆಲ್ಲ ಡಾಕ್ಟರಿಗೆ ಹೇಳಿದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತರು.

"ಹಂಗಾದ್ರ ಆ ನಿದ್ದಿ ಆಕ್ಸಿಜನ್‌ದಲ್ಲ," ಎಂದರು ಕೊನೆಗೆ. "ಆ ಒಂದ್ ತಾಸು ಆಕೀನ್ನ ಯಾರೂ ಮಾತಾಡಸಂಗಿಲ್ಲ, ಬೆಳಕಿಲ್ಲ, ಸಪ್ಪಳಿಲ್ಲ. ಅದರದು."

"ಖರೇ ಹೇಳೂದಂದ್ರ ನನಗ ಗೊತ್ತಿಲ್ರಿ ಸರ್."

"ನನಗೂ ಗೊತ್ತಿಲ್ಲ. ಆದ್ರ ಗೊತ್ತಿಲ್ಲದ ಸಲುವಾಗಿ ಆಕೀನ್ನ ಮತ್ತ ಅದರಾಗ ಹಾಕಿ ಬಾಗಲಾ ಹಾಕೂದು ನನಗ ಆಗೂದಿಲ್ಲ. ಮೊನ್ನಿ ಆಕಿ ಅದರಾಗs ಸತ್ತಿದ್ರ?"

ಅವರು ಮುಂಬೈಯ ತಮ್ಮ ಹಳೆಯ ಗುರುಗಳಿಗೆ ಫೋನು ಹಚ್ಚಿದರು. ಗುರುಗಳ ಬಳಿಯೂ ಔಷಧ ಇರಲಿಲ್ಲ. ಅವರು ಹೇಳಿದ್ದು ಇಷ್ಟೇ: ಕತ್ತಲಲ್ಲಿ ಮಲಗಿಸಿಯೇ ಇಟ್ಟರೂ ಗುಣವಾಗುವುದಿಲ್ಲ, ಒಮ್ಮೆಲೆ ಕೆಲಸಕ್ಕೆ ಹಚ್ಚಿದರೂ ಗುಣವಾಗುವುದಿಲ್ಲ. ಬೆಳಕು, ಸಪ್ಪಳ, ನಡಿಗೆ ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಕೊಡಿ, ನೋವು ಏರುವ ಮೊದಲು ನಿಲ್ಲಿಸಿ, ಮರುದಿನ ಒಂದಿಷ್ಟು ಹೆಚ್ಚಿಸಿ. ಆಳದಿಂದ ಮುಳುಗುಗಾರರನ್ನು ತರುವಾಗ ನಾವು ಮಾಡುತ್ತಿದ್ದುದೂ ಅದನ್ನೇ. ಒಂದೊಂದು ಮಟ್ಟದಲ್ಲಿ ನಿಲ್ಲಿಸಿ, ಮೈ ಒಗ್ಗಿದ ಮೇಲೆ ಮೇಲಿನ ಮಟ್ಟಕ್ಕೆ.

ಇದನ್ನು ಆಯಿಗೆ ಹೇಳುವುದು ಮಾತ್ರ ಬಾಕಿ ಇತ್ತು. ಚೇಂಬರಿನ ಕೋಣೆಯಲ್ಲೇ ಹೇಳಿದೆವು. ಡಾಕ್ಟರ ಮಾತು ಮುಗಿಯುವ ಮೊದಲೇ ಆಕೆ ಹೋಗಿ ಕೊಳವೆಯ ಬಾಗಿಲಿನ ಹಿಡಿಕೆ ಹಿಡಿದುಕೊಂಡಳು.

"ಅಂದ್ರ ಕೈ ಬಿಟ್ರಿ."

"ಕೈ ಬಿಟ್ಟಿಲ್ಲ ಆಯಿ," ಅಂದೆ.

"ಬಂದ್ ಮಾಡೂದಂದ್ರ ಕೈ ಬಿಟ್ಟಂಗs. ಮಿರಜಿನ್ಯಾವ್ರು ಏನಿಲ್ಲ ಅಂದ್ರು. ಮನ್ಯಾಗ ಸೋಂಗ ಅಂದ್ರು. ಮಾಯಕ್ಕನ ಗುಡಿ ಭಂಡಾರ ಹಚ್ಚಿದ್ನಿ, ಹಣಿ ಹಳದಿ ಆತು, ತಲಿ ಹಂಗs ಐತಿ. ಇದೊಂದು ಉಳದಿತ್ತು. ಇದನ್ನೂ ಬಂದ್ ಮಾಡಿದ್ರ ನಾ ಇಕೀನ್ನ ಎಲ್ಲಿಗೆ ಕರ್ಕೊಂಡ ಹೋಗ್ಲಿ? ಹೇಳ್ರಿ, ಎಲ್ಲಿಗೆ ಹೋಗ್ಲಿ? ಕಡಿಮಿ ಆಗಾಕತ್ತಿತ್ತು. ಇಕೀನs ಹೇಳ್ಯಾಳ. ದಿನಾ ಹೇಳ್ಯಾಳ."

"ಆಗಿಲ್ರಿ ಅತ್ತೀ."

ಸೊಸೆ ಗೋಡೆಗೆ ಆತು ನಿಂತಿದ್ದಳು. ಆಕೆ ಮಾತಾಡುತ್ತಾಳೆಂದು ನಾವ್ಯಾರೂ ಎಣಿಸಿರಲಿಲ್ಲ.

"ಒಂದಿನಾನೂ ಕಡಿಮಿ ಆಗಿಲ್ರಿ. ಸುಳ್ಳ ಹೇಳೀನಿ."

ಆಯಿ ಹಿಡಿಕೆ ಬಿಡಲಿಲ್ಲ. "ಯಾಕ ಹೇಳ್ದಿ?"

"ನೀವು ಉಣ್ಣೂದು ಬಿಟ್ಟಿದ್ರಿ. ಕಡಿಮಿ ಐತಿ ಅಂದ ದಿನಾ ಒಂದ್ ರೊಟ್ಟಿ ತಿಂತಿದ್ರಿ."

ಆಯಿಯ ಮುಖದಲ್ಲಿ ಸಿಟ್ಟು ಬಂತು, ಹೋಯಿತು. ಆಮೇಲೆ ಆ ಮುಖ ನೋಡಲಾಗದಂತಾಯಿತು. ಹಿಡಿಕೆಯ ಮೇಲಿನ ಕೈ ತಾನಾಗಿ ಸಡಿಲಾಯಿತು. ಕೊರಳಿನ ತಾಳಿ ತೆಗೆದು ಸೊಸೆಯ ಕೊರಳಿಗೆ ಹಾಕಿದಳು.

"ಇನ್ನ ನನ್ನ ಮುಂದ ಸುಳ್ಳ ಹೇಳಬ್ಯಾಡ," ಎಂದಳು. "ನೋಯ್ತಿದ್ರ ನೋಯ್ತೈತಿ ಅನ್ನು. ಸಾಯೂವಂಗ ಆದ್ರ ಹಂಗs ಅನ್ನು."

ಅಲ್ಲಿಂದ ಮುಂದಿನ ಕೆಲಸಕ್ಕೆ ಯಂತ್ರ ಇರಲಿಲ್ಲ. ಬಟ್ಟೆಕೋಣೆಯ ಪರದೆಯನ್ನು ಒಂದು ಮಡಿಕೆ ತೆಗೆಯುವುದು. ಕಿವಿಯ ಹತ್ತಿ ಒಂದು ಕಡೆ ಮಾತ್ರ ತೆಗೆಯುವುದು. ಮೊರದಲ್ಲಿ ಜೋಳ ಹಾಕಿಕೊಂಡು ಒಂದು ಹಿಡಿ ಹಸನು ಮಾಡುವುದು, ನಿಲ್ಲಿಸುವುದು, ಮಲಗುವುದು. ಪಡಸಾಲೆಯ ಕಂಬದ ತನಕ ನಡೆಯುವುದು, ಮತ್ತೆ ಗೇಟಿನ ತನಕ. ನೋವು ಏರುವ ಮುನ್ನ ಆಕೆಯೇ "ಸಾಕ್ರಿ" ಅನ್ನಬೇಕು. ಅದನ್ನು ಕಲಿಯುವುದೇ ಆಕೆಗೆ ಎಲ್ಲಕ್ಕಿಂತ ಕಠಿಣವಾಯಿತು. ಹಲ್ಲು ಕಚ್ಚಿ ಮಾಡಿ ಮುಗಿಸುವುದೇ ಹುಟ್ಟಿನಿಂದ ಕಲಿತದ್ದು. ಸಾಕು ಅಂದು ಗೊತ್ತಿರಲಿಲ್ಲ.

ಒಂದು ದಿನ ಗೇಟಿನ ಹತ್ತಿರ ಲಾರಿಯ ಟೈರು ಒಡೆಯಿತು. ಆಕೆ ಅಲ್ಲೇ ಕುಸಿದಳು. ವಾಂತಿ, ತಲೆಸುತ್ತು, ಮತ್ತೆ ಕತ್ತಲ ಕೋಣೆ. "ಮತ್ತ ಮದಲಿನ ಜಾಗಾಕ್ಕ ಬಂದ್ನಿರಿ ಅಣ್ಣಾರ," ಎಂದು ಗೋಡೆಗೆ ಮುಖ ಮಾಡಿ ಮಲಗಿದಳು. ಎರಡು ದಿನ ಉಣ್ಣಲಿಲ್ಲ. ಆಗ ನನಗೂ ಸಾಕಾಯಿತು. ಪಕ್ಕದ ಕೋಣೆಯಲ್ಲಿ ಆ ಟ್ರಾಕ್ಟರ್ ಡ್ರೈವರನ ಗಾಯ ಕೆಂಪಗೆ, ಶುಚಿಯಾಗಿ ಮೇಲಕ್ಕೆ ಬರುತ್ತಿತ್ತು. ಆ ಕಾಲು ಉಳಿಯುತ್ತದೆಂದು ಕಣ್ಣಿಗೇ ಕಾಣುತ್ತಿತ್ತು. ಈಕೆಯದು ಬಿಚ್ಚಿ ನೋಡುವಂಥ ಗಾಯವಲ್ಲ. ಮಾಯುತ್ತಿದೆಯೋ ಇಲ್ಲವೋ ಯಾರಿಗೂ ಕಾಣುವುದಿಲ್ಲ. ಮೂರನೆಯ ದಿನ ಆಯಿ ಮೊರ ತಂದು ಮಂಚದ ಮೇಲಿಟ್ಟು, "ಒಂದ್ ಹಿಡಿ ಅಲ್ಲ, ನಾಕ್ ಕಾಳ ಹಸನ ಮಾಡು. ಆಮ್ಯಾಲೆ ಸಾಕನ್ನು," ಅಂದಳು. ನಾಲ್ಕು ಕಾಳಿನಿಂದ ಮತ್ತೆ ಶುರುವಾಯಿತು.

ಆಕೆ ಪೂರ್ತಿ ಗುಣವಾದಳು ಎಂದು ನಾನು ಹೇಳಲಾರೆ. ಊರಿಗೆ ಹೋದ ಮೇಲೂ ಕಾದ ಬಿಸಿಲಿನ ದಿನ ತಲೆ ಹಿಡಿದುಕೊಂಡು ಕೂಡುತ್ತಿದ್ದಳೆಂದು ಕೇಳಿದ್ದೇನೆ. ನಾವು ಚೇಂಬರಿಗೆ ಹಾಕಿದ್ದು ಒಂದಿಷ್ಟಾದರೂ ಉಪಯೋಗವಾಯಿತೋ ಎಂದು ಕೇಳಿದರೂ ಉತ್ತರ ಗೊತ್ತಿಲ್ಲ. ಉಪಯೋಗವಾಯಿತು ಅನ್ನಲು ನನ್ನ ಬಳಿ ಏನೂ ಆಧಾರವಿಲ್ಲ.

ಕೂಸನ್ನು ಕರೆಸಬೇಕೆಂದು ಹೇಳಿದವಳು ಆಯಿ. ಸೊಸೆ ಬೇಡವೆಂದಳು, ಅತ್ತಳು, ಮತ್ತೆ ಕರೆಸಿರಿ ಎಂದಳು. ಅಥಣಿ ಕಡೆಯಿಂದ ಆಕೆಯ ತಂಗಿ ಕೂಸನ್ನು ಎತ್ತಿಕೊಂಡು ಬಂದಳು. ಆಗಷ್ಟೇ ಹೆಜ್ಜೆ ಇಡುತ್ತಿದ್ದ ಮಗು. ತಾಯಿಯನ್ನು ನೋಡಿ ಯಾರೋ ಎಂಬಂತೆ ಚಿಕ್ಕಮ್ಮನ ಸೀರೆಗೆ ಮುಖ ಮರೆಸಿತು. ಸೊಸೆ ಕಂಬಕ್ಕೆ ಒರಗಿ ಕೂತು ದೂರದಿಂದಲೇ ನೋಡಿದಳು. ಡಾಕ್ಟರು ತಮ್ಮ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ನಾನು ಕೈಗೆ ಸಿಗುವಷ್ಟು ಹತ್ತಿರ ಇದ್ದೆ.

ಸ್ವಲ್ಪ ಹೊತ್ತಿಗೆ ಕೂಸು ತಾನೇ ನಡೆದುಬಂತು. ಸೊಸೆ ಎತ್ತಿ ತೊಡೆಯ ಮೇಲೆ ಕೂಡಿಸಿಕೊಂಡಳು. ಅದು ಹೊಸದಾಗಿ ತೊಟ್ಟ ಬಳೆ ಎಳೆಯಿತು, ಮೂಗು ಹಿಡಿಯಿತು. ಆಮೇಲೆ ಏನನ್ನೋ ಹಿಡಿಯಲು ಹೋಗಿ ಜಾರಿ, ಹಣೆ ಕಂಬಕ್ಕೆ ತಾಗಿ, ದೊಡ್ಡ ದನಿ ತೆಗೆದು ಅತ್ತಿತು.

ಸೊಸೆಯ ಮುಖ ಬಿಳಿಚಿತು. ಕಣ್ಣು ಬಿಗಿದು ಮುಚ್ಚಿದಳು. ಬಲಗೈ ಮೇಲೆ ಬಂತು. ನಾನು ಮುಂದೆ ನುಗ್ಗುವುದರಲ್ಲಿದ್ದೆ. ಆಯಿ ಕೈ ಅಡ್ಡ ಹಿಡಿದು ನನ್ನನ್ನು ತಡೆದಳು. ತಾನೂ ಕೂತಲ್ಲಿಂದ ಏಳಲಿಲ್ಲ. ಸೊಸೆಯ ಬಲಗೈ ಗಾಳಿಯಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಕೂಸಿನ ಬೆನ್ನ ಹಿಂದೆ ಇಳಿಯಿತು.

"ಅತ್ತೀ, ಕೂಸಿನ್ನ ಹಿಡೀರಿ. ಸಾಕು. ನಂಗ ಆಗವಲ್ದು."

ಆಯಿ ಕೂಸನ್ನು ಎತ್ತಿಕೊಂಡಳು. ಸೊಸೆ ಗೋಡೆ ಹಿಡಿದು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡಳು. ಸಿಸ್ಟರ್ ಹಿಂದೆಯೇ ಹೋದಳು. ಪಡಸಾಲೆಯಲ್ಲಿ ಕೂಸಿನ ಅಳು ಏರಿತು, ಇಳಿಯಿತು, ಬಿಕ್ಕಾಯಿತು, ನಿಂತಿತು. ಆಯಿ ಅದನ್ನು ಹೆಗಲಿಗೆ ಹಾಕಿಕೊಂಡು ಆಚೆಯಿಂದ ಈಚೆ ನಡೆಯುತ್ತಿದ್ದಳು. ಯಾರೂ ಯಾರನ್ನೂ ನೋಡಲಿಲ್ಲ.

ಬಾಗಿಲು ತೆರೆಯಿತು. ಸೊಸೆ ಬಂದು ಮೊದಲಿನ ಜಾಗದಲ್ಲೇ ಕೂತಳು. ಮುಖ ತೊಳೆದುಕೊಂಡಿದ್ದಳು. ಎರಡೂ ಕೈ ಚಾಚಿದಳು.

"ಕೊಡ್ರಿ ಇಲ್ಲೆ."

"ಮತ್ತ ಅತ್ರ?" ಎಂದು ಆಯಿ ಕೇಳಿದಳು.

"ಅತ್ರ ಮತ್ತ ನಿಮ್ಮ ಕೈಯಾಗ ಕೊಡ್ತೀನಿ."

ಆ ಸಂಜೆ ತಂಗಿ ಒಬ್ಬಳೇ ಅಥಣಿ ಬಸ್ಸು ಹತ್ತಿದಳು.